ಸೀಟು ಸಿಕ್ಕಿತು, ಇನ್ನು ಓದೋದು ಹೇಗೆ?

ಸಿ.ಇ.ಟಿ. ಮುಗಿದು, ಆಪ್ಷನ್ ಎಂಟ್ರಿಯ ಗದ್ದಲ ಮುಗಿದು, ಸೀಟು ಸಿಕ್ಕ ಮನೆಗಳಲ್ಲಿ ಪಾಯಸದ ಊಟವೂ ಆಗಿರುತ್ತದೆ. ಅರಕಲಗೂಡು, ಹೊಳೆನರಸೀಪುರ, ಬೇಲೂರು ಕಡೆ ಹಳ್ಳಿಗಳಲ್ಲಿ "ನಮ್ಮ ಹುಡುಗ ಇಂಜಿನಿಯರ್ ಆದ" ಅಂತಲೇ ಹೇಳುತ್ತಾರೆ. ಆದ ಅಲ್ಲ ಸ್ವಾಮಿ, ಆಗೋಕೆ ಹೊರಟ. ನಡುವೆ ನಾಲ್ಕು ವರ್ಷ, ಎಂಟು ಸೆಮಿಸ್ಟರ್ ಇದೆ. ಅದರಲ್ಲೂ ಮೊದಲ ವರ್ಷ ದಾಟುವುದೇ ದೊಡ್ಡ ಗಂಡಾಂತರ.

ಹಾಸನಕ್ಕೆ ಇಂಜಿನಿಯರಿಂಗ್ ಹೊಸದೇನಲ್ಲ. ಮಲೆನಾಡು ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1960ರಲ್ಲಿ. ಆಮೇಲೆ ಸರ್ಕಾರಿ ಕಾಲೇಜು ಬಂತು, ಖಾಸಗಿಯವೂ ಬಂದವು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿತು. ಅಲ್ಲಿಂದ ರಾಜ್ಯದ ಹೆಚ್ಚಿನ ಇಂಜಿನಿಯರಿಂಗ್ ಹುಡುಗರ ಬಾಯಲ್ಲಿ ಒಂದೇ ಮಂತ್ರ: ವಿ.ಟಿ.ಯು. ಈ ಊರಿನ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ನಿಂತರೆ ಸಾಕು, ಬೆನ್ನಿಗೆ ಬ್ಯಾಗು, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಹೊಸ ಮುಖಗಳು ಕಾಣುತ್ತವೆ. ಯಾರು ಫಸ್ಟ್ ಇಯರ್ ಅಂತ ಕೇಳಬೇಕಾಗಿಲ್ಲ, ನಡಿಗೆಯೇ ಹೇಳುತ್ತದೆ.

ತೊಂದರೆ ಎಲ್ಲಿ ಶುರುವಾಗುತ್ತೆ ಗೊತ್ತೇ? ಟಿಕ್ ಹಾಕೋದರಿಂದ. ಸಿ.ಇ.ಟಿ.ಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕಿದರಾಯಿತು. ತಪ್ಪಿದರೆ ಅಂಕ ಕಳೆಯೋದೂ ಇಲ್ಲ. ಎರಡು ವರ್ಷ ಟ್ಯೂಷನ್‌ನಲ್ಲಿ ಹುಡುಗನ ಕೈಯನ್ನು ಇದಕ್ಕೇ ಪಳಗಿಸಿರುತ್ತಾರೆ. ಕಾಲೇಜಿಗೆ ಬಂದರೆ ಐದು ಮಾಡ್ಯೂಲು, ಒಂದೊಂದರಿಂದ ಒಂದೊಂದು ಪೂರ್ತಿ ಪ್ರಶ್ನೆ, ಮೂರು ಗಂಟೆ ಕೂತು ಬರೆಯಬೇಕು. ಅದೂ ಇಂಗ್ಲಿಷಿನಲ್ಲಿ. ಉತ್ತರ ಗೊತ್ತಿದ್ದೂ ಹೇಗೆ ಶುರುಮಾಡಬೇಕು ಅನ್ನೋದು ಗೊತ್ತಿಲ್ಲದೆ ಕೂರುವ ಹುಡುಗರು ಒಬ್ಬಿಬ್ಬರಲ್ಲ. ಪಿ.ಯು.ದಲ್ಲಿ ತೊಂಬತ್ತರ ಮೇಲೆ ತೆಗೆದವನಿಗೆ ಮೊದಲ ಇಂಟರ್ನಲ್ಸ್‌ನಲ್ಲಿ ಐವತ್ತಕ್ಕೆ ಹನ್ನೊಂದು ಬಂದಾಗ ಆಗುವ ಪೆಟ್ಟು ಸಣ್ಣದೇ? ಊರಲ್ಲಿ ಫ್ಲೆಕ್ಸ್ ಕಟ್ಟಿಸಿಕೊಂಡು ಬಂದಿರುತ್ತಾನೆ ಬೇರೆ.

ಇನ್ನು ಭಾಷೆ. ಸಿ.ಇ.ಟಿ. ಸೀಟಿನಲ್ಲಿ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಒಳ್ಳೆಯದೇ. ಬಾಗಿಲು ತೆಗೆದು ಒಳಗೆ ಕರೆದದ್ದಾಯಿತು. ಒಳಗೆ ಬಂದವನಿಗೆ ಕೂರಲು ಮಣೆ ಯಾರು ಹಾಕುತ್ತಾರೆ? ಹತ್ತನೇ ತರಗತಿವರೆಗೆ ವೇಗೋತ್ಕರ್ಷ, ಜಡತ್ವ, ಸಂವೇಗ ಅಂತ ಓದಿದವನು. ಪಿ.ಯು.ದಲ್ಲಿ ಇಂಗ್ಲಿಷ್ ಪದಗಳನ್ನು ಗಟ್ಟು ಹೊಡೆದು ಪಾರಾಗಿರುತ್ತಾನೆ. ಇಲ್ಲಿ ಗಣಿತದ ಮೇಷ್ಟ್ರು ಪೋಲಾರ್ ಕರ್ವ್ಸ್, ರೇಡಿಯಸ್ ಆಫ್ ಕರ್ವೇಚರ್ ಅಂತ ಮೊದಲ ವಾರವೇ ಬೋರ್ಡು ತುಂಬಿಸಿದರೆ, ಲೆಕ್ಕ ಅರ್ಥವಾಗಲಿಲ್ಲವೋ ಮಾತು ಅರ್ಥವಾಗಲಿಲ್ಲವೋ ಅನ್ನೋದೇ ಅವನಿಗೆ ಗೊತ್ತಾಗೋದಿಲ್ಲ. ಎದ್ದು ಕೇಳೋಣ ಅಂದರೆ ಇಂಗ್ಲಿಷಿನಲ್ಲಿ ಕೇಳಬೇಕು. ಪಕ್ಕದ ಬೆಂಚಿನಲ್ಲಿ ಬೆಂಗಳೂರು, ಮೈಸೂರಿನ ಕಾನ್ವೆಂಟಿನವರು. ನಕ್ಕರೆ? ಕೇಳದೇ ಕೂರುತ್ತಾನೆ. ಹೀಗೆ ಬಾಯಿ ಮುಚ್ಚಿ ಕೂತವನನ್ನು 'ಡಲ್' ಅನ್ನುವ ಲೆಕ್ಚರರುಗಳು ಇದ್ದಾರೆ. ಡಲ್ ಅಲ್ಲ ಸಾರ್, ಅವನಿಗೆ ನಾಚಿಕೆ.

ಡ್ರಾಯಿಂಗ್ ವಿಷಯ ಇನ್ನೊಂದು ಕಥೆ. ಒಂದು ವಸ್ತುವನ್ನು ಮುಂದಿನಿಂದ ನೋಡಿದರೆ ಹೇಗೆ, ಮೇಲಿನಿಂದ ನೋಡಿದರೆ ಹೇಗೆ ಅಂತ ಗೆರೆ ಎಳೆಯೋದು. ಹೇಳೋಕೆ ಸುಲಭ. ಆದರೆ ಓರೆಯಾಗಿ ನಿಂತ ಪಟ್ಟಕವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡೋದು ಅಭ್ಯಾಸದಿಂದ ಬರಬೇಕು. ಈಗ ಅದನ್ನು ಕಂಪ್ಯೂಟರಿನಲ್ಲೂ ಬರೆಸುತ್ತಾರೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವನು ಲ್ಯಾಬಿನಲ್ಲಿ ಮೌಸ್ ಹಿಡಿಯೋದು ಕಲಿಯುವಷ್ಟರಲ್ಲಿ ಪಕ್ಕದವನ ಚಿತ್ರ ಮುಗಿದಿರುತ್ತದೆ. ತಮಾಷೆ ಅಂದರೆ, ಬಡಗಿ ಕೆಲಸದ ಮನೆಯಿಂದ ಬಂದ ಹುಡುಗರು ಇದರಲ್ಲಿ ಬೇಗ ಮುಂದೆ ಬರುತ್ತಾರೆ. ಮರ ಕೊಯ್ಯುವಾಗ ಎಲ್ಲ ಕಡೆಯಿಂದಲೂ ನೋಡಿ ಅಭ್ಯಾಸ ಇರುತ್ತಲ್ಲ!

ಪರೀಕ್ಷೆಗೆ ಕೂರಬೇಕಾದರೆ ಶೇ. 85 ಹಾಜರಾತಿ ಬೇಕು. ಸರಿಯಾದ ಕಾರಣ ತೋರಿಸಿದರೆ ಒಂದಿಷ್ಟು ವಿನಾಯಿತಿ. ಸಕಲೇಶಪುರ, ಚನ್ನರಾಯಪಟ್ಟಣ ಎರಡೂ ಹಾಸನಕ್ಕೆ ಹತ್ತಿರ ಹತ್ತಿರ 40 ಕಿ.ಮೀ. ರೂಮಿನ ಬಾಡಿಗೆ, ಮೆಸ್ಸಿನ ದುಡ್ಡು ಉಳಿಸೋಣ ಅಂತ ದಿನಾ ಓಡಾಡುವವರು ಬಹಳ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಬಸ್ ಖರ್ಚೇನೋ ತಪ್ಪಿತು. ಸಮಯ ಉಳಿಯಲಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಬಸ್ಸಿನಲ್ಲಿ ನಿಂತು ಬಂದು, ಸಂಜೆ ಲ್ಯಾಬ್ ಮುಗಿಸಿ ಏಳೂವರೆಗೆ ಮನೆ ಸೇರಿ, ಅಮ್ಮನಿಗೆ ಕೈಜೋಡಿಸಿ, ಆಮೇಲೆ ರೆಕಾರ್ಡ್ ಬರೆಯಬೇಕು. ಅಂಥ ಮಗಳು ಕ್ಲಾಸಿನಲ್ಲಿ ತೂಕಡಿಸಿದರೆ ಬಯ್ಯುವ ಮುಂಚೆ ಬಸ್ಸಿನ ವೇಳಾಪಟ್ಟಿ ನೋಡಿ.

2021ರಲ್ಲಿ ಎ.ಐ.ಸಿ.ಟಿ.ಇ.ಯವರು ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಬಹುದು ಅಂದರು. ಮೊದಲ ವರ್ಷದ ಪುಸ್ತಕಗಳನ್ನೂ ಅನುವಾದ ಮಾಡಿಸಿದರು. ಪೂರ್ತಿ ಕನ್ನಡದಲ್ಲೇ ಓದಲು ಹುಡುಗರೇ ಹಿಂಜರಿದರು. "ನಾಳೆ ಕೆಲಸ ಯಾರು ಕೊಡ್ತಾರೆ?" ಅನ್ನೋದು ಅವರ ಪ್ರಶ್ನೆ, ಅದು ನ್ಯಾಯವಾದ ಭಯ. ಆದರೆ ಡಿಗ್ರಿ ಇಂಗ್ಲಿಷಿನಲ್ಲೇ ಇರಲಿ, ಪಕ್ಕದಲ್ಲಿ ಆ ಕನ್ನಡ ಪುಸ್ತಕ ಇಟ್ಟುಕೊಂಡು ಓದಬೇಡಿ ಅಂತ ಯಾರು ತಡೆದಿದ್ದಾರೆ? ಎಷ್ಟು ಲೈಬ್ರರಿಗಳು ಅದನ್ನು ತರಿಸಿ ಕಪಾಟಿನ ಮುಂದೆ ಇಟ್ಟಿವೆ, ಪ್ರಿನ್ಸಿಪಾಲರುಗಳು ಒಮ್ಮೆ ಹೋಗಿ ನೋಡಲಿ.

ರ‍್ಯಾಗಿಂಗ್ ಕಾಟ ಮುಂಚಿನಷ್ಟಿಲ್ಲ. 2009ರ ಯು.ಜಿ.ಸಿ. ನಿಯಮದ ಮೇಲೆ ಹುಡುಗರಿಂದಲೂ ಅಪ್ಪ ಅಮ್ಮಂದಿರಿಂದಲೂ ಬರೆಸಿಕೊಳ್ಳುತ್ತಾರೆ. ಶುರುವಿನಲ್ಲಿ ಇಂಡಕ್ಷನ್ ಅಂತ ಕಾರ್ಯಕ್ರಮವೂ ನಡೆಯುತ್ತೆ. ಎಷ್ಟೋ ಕಡೆ ಅದು ಹಾರ, ಶಾಲು, ಭಾಷಣದಲ್ಲೇ ಮುಗಿಯುತ್ತೆ. ಹಾರ ಸ್ವಲ್ಪ ಕಮ್ಮಿ ಮಾಡಿ, ದಿನಕ್ಕೆ ಒಂದು ಗಂಟೆ ಹಳ್ಳಿ ಹುಡುಗರನ್ನು ಕೂರಿಸಿಕೊಂಡು ಉತ್ತರ ಬರೆಯೋದು ಹೇಗೆ, ನೋಟ್ಸ್ ಮಾಡೋದು ಹೇಗೆ ಅಂತ ಕನ್ನಡದಲ್ಲೇ ಹೇಳಿಕೊಡಿ. ಎರಡನೇ ವರ್ಷದ ಹುಡುಗರನ್ನೇ ಈ ಕೆಲಸಕ್ಕೆ ಹಚ್ಚಬಹುದು. ನಯಾಪೈಸೆ ಖರ್ಚಿಲ್ಲ.

ತಂದೆತಾಯಿಗಳಿಗೂ ಒಂದು ಮಾತು. ಆಲೂಗೆಡ್ಡೆ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟಿದ್ದೀರಿ. ಅಂಗಮಾರಿ ಬಂದ ವರ್ಷ ಅದೂ ಇಲ್ಲದೆ ಸೊಸೈಟಿ ಸಾಲ ಮಾಡಿದ್ದೀರಿ. ನಿಮ್ಮ ಸಂಕಟ ಹುಡುಗನಿಗೆ ಗೊತ್ತು, ಗೊತ್ತಿರೋದರಿಂದಲೇ ಅವನು ಫೇಲಾದ ಸುದ್ದಿ ಮುಚ್ಚಿಡುತ್ತಾನೆ. ಹುಡುಗರ ಭಾಷೆಯಲ್ಲಿ ಅದಕ್ಕೆ 'ಬ್ಯಾಕ್' ಅಂತಾರೆ. ಬ್ಯಾಕ್ ಉಳಿದವರು ಮತ್ತೆ ಬರೆದು ಪಾಸಾಗಬಹುದು, ಆಗುತ್ತಲೂ ಇದ್ದಾರೆ. ಭಾನುವಾರ ಫೋನ್ ಮಾಡಿದಾಗ "ಮಾರ್ಕ್ಸ್ ಎಷ್ಟು ಬಂತು" ಅಂತ ಮೊದಲೇ ಶುರುಮಾಡಬೇಡಿ. "ಊಟ ಆಯ್ತಾ ಮಗಾ, ಮುದ್ದೆ ಸಿಗುತ್ತಾ ಅಲ್ಲಿ" ಅಂತ ಕೇಳಿ. ಮಿಕ್ಕಿದ್ದನ್ನು ಅವನೇ ಹೇಳುತ್ತಾನೆ. ಆ ವಾರ ಹೇಳದಿದ್ದರೆ ಮುಂದಿನ ಭಾನುವಾರ ಊರಿಗೆ ಕರೆಸಿಕೊಳ್ಳಿ, ಇಲ್ಲವೇ ನೀವೇ ಬಸ್ ಹತ್ತಿ ಹಾಸನಕ್ಕೆ ಬನ್ನಿ.