ವಾರದ ರಜೆಯಲ್ಲಿ ವೇರೂಳ ದರ್ಶನ

ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ದುಡಿಯುತ್ತಿರುವ ನಮ್ಮ ಕನ್ನಡ ಬಂಧುಗಳು ಪ್ರವಾಸಿಗಳನ್ನು ಕಂಡಷ್ಟು ಬೇರೆ ಯಾರೂ ಕಂಡಿರಲಾರರು. ನಸುಕಿನಲ್ಲಿ ತ್ರ್ಯಂಬಕೇಶ್ವರಕ್ಕೆ ಹೊರಟವರಿಗೆ ಇಡ್ಲಿ ಬಡಿಸುವವರು ಇವರು. ರಾತ್ರಿ ಶಿರಡಿಯಿಂದ ಮರಳಿದವರಿಗೆ ಕೋಣೆಯ ಬೀಗದಕೈ ಕೊಡುವವರು ಇವರು. ಅಜಂತೆಯ ಬಸ್ಸು ಎಲ್ಲಿ ನಿಲ್ಲುವುದೆಂದು ಹೇಳಿ ಕಳುಹಿಸುವವರೂ ಇವರೇ. ಆದರೆ ಹತ್ತು ಹದಿನೈದು ವರ್ಷಗಳನ್ನು ಇಲ್ಲಿ ಕಳೆದ ಮಾಣಿಯನ್ನಾಗಲಿ, ಅಡಿಗೆಯ ಭಟ್ಟರನ್ನಾಗಲಿ, ಕಚೇರಿಯ ಗುಮಾಸ್ತರನ್ನಾಗಲಿ, “ವೇರೂಳ ನೋಡಿದ್ದೀರಾ?” ಎಂದು ಕೇಳಿದರೆ, “ಇಲ್ಲ, ಪುರಸೊತ್ತಾಗಲಿಲ್ಲ” ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ವಾರಕ್ಕೊಮ್ಮೆ ಸಿಗುವ ರಜೆ ಬಟ್ಟೆ ಒಗೆಯುವುದರಲ್ಲಿಯೂ ಬಾಕಿಯುಳಿದ ನಿದ್ರೆಯನ್ನು ತೀರಿಸುವುದರಲ್ಲಿಯೂ ಮುಗಿದುಹೋಗುತ್ತದೆ. ವರ್ಷಕ್ಕೊಮ್ಮೆ ಊರಿಗೆ ಹೋದಾಗ, “ಅಷ್ಟು ದೂರ ಇದ್ದು ಏನೇನು ನೋಡಿದೆ ಮಗಾ?” ಎಂದು ತಾಯಿ ಕೇಳಿದರೆ ಹೇಳುವುದಕ್ಕೆ ಒಂದು ಮಾತೂ ಇರುವುದಿಲ್ಲ. ಈ ಕೊರತೆಯನ್ನು ಒಂದೇ ದಿನದಲ್ಲಿ ನೀಗಬಹುದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಜಗತ್ತಿಗೆ ಎಲ್ಲೋರ ಎಂದು ಪರಿಚಿತವಾದ ವೇರೂಳ ಗ್ರಾಮವು ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರು ದೂರದಲ್ಲಿದೆ. ಅಲ್ಲಿಯ ಬೆಟ್ಟದ ಪಡುವಣ ಮಗ್ಗುಲಲ್ಲಿ ಎರಡು ಕಿಲೋಮೀಟರಿನಷ್ಟು ಉದ್ದಕ್ಕೆ 34 ಗುಹೆಗಳು ಸಾಲಾಗಿವೆ. 1ರಿಂದ 12ರವರೆಗೆ ಬೌದ್ಧರವು, 13ರಿಂದ 29ರವರೆಗೆ ವೈದಿಕ ದೇವತೆಗಳವು, 30ರಿಂದ 34ರವರೆಗೆ ಜೈನರವು. 1983ರಲ್ಲಿ ಯುನೆಸ್ಕೋ ಸಂಸ್ಥೆಯು ಇವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇವುಗಳಲ್ಲಿ 16ನೆಯದೇ ಕೈಲಾಸ ದೇವಾಲಯ.

ಈ ಕೈಲಾಸವು ಕನ್ನಡಿಗರಿಗೆ ಪರಕೀಯವಾದುದಲ್ಲ. ಇದನ್ನು ಕೊರೆಯಿಸಿದವನು ರಾಷ್ಟ್ರಕೂಟ ವಂಶದ ಒಂದನೆಯ ಕೃಷ್ಣನು. ಅವನು ಆಳಿದ್ದು ಸುಮಾರು ಕ್ರಿ.ಶ. 756ರಿಂದ 773ರವರೆಗೆ. ಅವನಿಗಿಂತ ಮೊದಲು ಆಳಿದ ದಂತಿದುರ್ಗನು ಬಾದಾಮಿಯ ಚಾಲುಕ್ಯರ ಅಧಿಕಾರವನ್ನು ಮುರಿದು ಈ ರಾಜ್ಯಕ್ಕೆ ಅಡಿಪಾಯ ಹಾಕಿದನು. 15ನೆಯ ಗುಹೆಯಲ್ಲಿ ಅವನ ಶಾಸನವಿದೆ. ರಾಜ್ಯ ಬದಲಾದರೂ ಶಿಲ್ಪದ ಪರಂಪರೆ ಕಡಿಯಲಿಲ್ಲ. ಮಲಪ್ರಭೆಯ ದಡದ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷ ದೇವಾಲಯವನ್ನು ನೋಡಿದ ಬಾಗಲಕೋಟೆಯ ಕಡೆಯವರು ವೇರೂಳಕ್ಕೆ ಬಂದರೆ, ಆ ರೂಪವೇ ಇಲ್ಲಿ ಬೆಟ್ಟದೊಳಗಿಂದ ಎದ್ದು ನಿಂತಂತೆ ಕಾಣುವರು. ಮುಂದೆ ಇದೇ ವಂಶದ ಅಮೋಘವರ್ಷನು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಅವನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿರುವುದು ಸರ್ವವಿದಿತ. ನಾಸಿಕದ ರಾಮಕುಂಡದಲ್ಲಿ ನಾವು ಮೀಯುವ ನೀರು ಅದೇ ಗೋದಾವರಿಯದು; ಸಂಭಾಜಿನಗರ ಜಿಲ್ಲೆಯ ಪೈಠಣದ ಬಳಿ ಹರಿಯುವುದೂ ಅದೇ.

ಇದನ್ನು ಹೇಳುವಾಗ ಒಂದು ಎಚ್ಚರಿಕೆ ಅವಶ್ಯ. “ಇದು ನಮ್ಮದು, ನಿಮ್ಮದಲ್ಲ” ಎಂದು ಅನ್ನ ಕೊಟ್ಟ ನಾಡಿನವರೊಡನೆ ವಾದಿಸುವುದಕ್ಕಾಗಿ ಚರಿತ್ರೆಯನ್ನು ಓದಬಾರದು. ರಾಷ್ಟ್ರಕೂಟರ ಆಳ್ವಿಕೆಯಲ್ಲಿ ಇಂದಿನ ಕರ್ನಾಟಕವೂ ಮಹಾರಾಷ್ಟ್ರವೂ ಒಂದೇ ಛತ್ರದ ಕೆಳಗಿದ್ದವು. ಕೈಲಾಸವು ಉಭಯರ ಪಿತ್ರಾರ್ಜಿತ. ಆದರೆ ಇಲ್ಲಿ ತಾನು ಹೊರಗಿನವನು, ತನಗೆ ಇಲ್ಲಿ ಬೇರಿಲ್ಲ ಎಂದು ಒಳಗೊಳಗೇ ಕುಗ್ಗುವ ನಮ್ಮ ಹುಡುಗನು ಒಮ್ಮೆ ಆ ಅಂಗಳದಲ್ಲಿ ನಿಂತು ಬಂದರೆ, ಆ ಕುಗ್ಗುವಿಕೆ ಸ್ವಲ್ಪವಾದರೂ ಕಡಿಮೆಯಾಗದಿರದು.

ಕೈಲಾಸದ ನಿರ್ಮಾಣಕ್ರಮವು ಸಾಮಾನ್ಯ ದೇವಾಲಯಗಳದಕ್ಕೆ ತದ್ವಿರುದ್ಧವಾದುದು. ಅಡಿಪಾಯದಿಂದ ಶಿಖರಕ್ಕೆ ಕಟ್ಟುತ್ತ ಹೋಗದೆ, ಶಿಖರದಿಂದ ಪೀಠಕ್ಕೆ ಕಡಿಯುತ್ತ ಇಳಿದಿದ್ದಾರೆ. ಮೊದಲು ಬೆಟ್ಟದ ನೆತ್ತಿಯಲ್ಲಿ ಮೂರು ಕಡೆಯಿಂದ ಆಳವಾದ ಕಂದಕ ತೋಡಿ, ನಡುವೆ ಒಂದು ಬೃಹತ್ ಬಂಡೆಯನ್ನು ಬಿಡಿಸಿಕೊಂಡು, ಅದನ್ನೇ ಮೇಲಿನಿಂದ ಕೆಳಕ್ಕೆ ಗುಡಿಯಾಗಿ ಕೆತ್ತಿದರು. ಅಂಗಳದ ಉದ್ದ ಸುಮಾರು 276 ಅಡಿ, ಅಗಲ 154 ಅಡಿ. ಹಿಂಬದಿಯ ಬಂಡೆಯ ಗೋಡೆಯ ಎತ್ತರ ಸುಮಾರು 107 ಅಡಿ. ಹೊರಕ್ಕೆ ತೆಗೆದ ಕಲ್ಲು ಎರಡು ಲಕ್ಷ ಟನ್ನಿನಷ್ಟಿರಬಹುದೆಂದು ಅಂದಾಜಿದೆ. ಕಟ್ಟಡದಲ್ಲಿ ಒಂದು ಕಲ್ಲು ಕೆಟ್ಟರೆ ಬೇರೊಂದನ್ನು ಇಡಬಹುದು. ಇಲ್ಲಿ ಚಾಣ ಒಮ್ಮೆ ತಪ್ಪಿದರೆ ಮರಳಿ ಅಂಟಿಸುವ ಮಾತೇ ಇಲ್ಲ. ಕ್ರಿ.ಶ. 812ರ ಸುಮಾರಿನ ಬರೋಡೆಯ ತಾಮ್ರಶಾಸನವೊಂದು ಈ ಗುಡಿಯನ್ನು ವರ್ಣಿಸುತ್ತ, ಮಾಡಿದ ಶಿಲ್ಪಿಯೇ ತನ್ನ ಕೃತಿಯನ್ನು ಕಂಡು ಬೆರಗಾದನೆಂದು ಹೇಳುತ್ತದೆ. ದೊರೆಯ ಹೆಸರು ಉಳಿದಿದೆ. ಕಲ್ಲು ಹೊತ್ತವರ, ಚಾಣ ಹಿಡಿದವರ ಹೆಸರು ಉಳಿದಿಲ್ಲ. ದಿನವಿಡೀ ಕೈಯಿಂದ ದುಡಿದು, ಹೆಸರಿಲ್ಲದೆ ತೆರೆಮರೆಯಲ್ಲಿ ಉಳಿಯುವ ನಮ್ಮ ಅಡಿಗೆಮನೆಯ ಬಂಧುಗಳಿಗೆ ಈ ಮಾತು ಹೆಚ್ಚು ವಿವರಿಸದೆಯೇ ಅರ್ಥವಾದೀತು.

ಇನ್ನು ಪ್ರವಾಸದ ಕ್ರಮವನ್ನು ವಿಚಾರಿಸೋಣ. ಸಂಭಾಜಿನಗರದಲ್ಲಿ ಒಂದು ದಿನದ ಮಾರ್ಗದರ್ಶಿ ಪ್ರವಾಸಗಳನ್ನು ನಡೆಸುವವರುಂಟು. ದೌಲತಾಬಾದಿನ ಕೋಟೆ, ವೇರೂಳದ ಗುಹೆಗಳು, ಘೃಷ್ಣೇಶ್ವರ, ಬೀಬೀ ಕಾ ಮಕ್ಬರಾ, ಪನಚಕ್ಕಿ, ಇವೆಲ್ಲವನ್ನೂ ಒಂದೇ ದಿನದಲ್ಲಿ ತೋರಿಸುವುದು ವಾಡಿಕೆ. ಇಂಥ ಪದ್ಧತಿ ಹೊರದೇಶಗಳಲ್ಲಿಯೂ ಇದೆ. ಇಟಲಿಯ ವಾಯವ್ಯ ಕರಾವಳಿಯಲ್ಲಿ ಚಿಂಕ್ವೆ ತೆರ್ರೆ ಎಂಬ, ಕಡಲಂಚಿನ ಕಡಿದಾದ ಬೆಟ್ಟಗಳಿಗೆ ಅಂಟಿಕೊಂಡ, ಐದು ಹಳ್ಳಿಗಳಿವೆ. ಬೆಳಿಗ್ಗೆ ಫ್ಲಾರೆನ್ಸ್ ನಗರದಿಂದ ಹೊರಟು, ಹಳ್ಳಿಗಳನ್ನು ಸುತ್ತಿ, ರಾತ್ರಿ ಮರಳುವ ಪ್ರವಾಸಗಳು ಅಲ್ಲಿ ಪ್ರಸಿದ್ಧ. ಆ ಹಳ್ಳಿಗಳು ರೈಲಿನಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿರುವುದರಿಂದ ಅದು ಸಾಧ್ಯ. ಅಲ್ಲಿಯೂ ಪ್ರವಾಸಿಗಳು ಬಣ್ಣಬಣ್ಣದ ಮನೆಗಳನ್ನು ನೋಡಿ ಮರಳುತ್ತಾರೆ. ಆದರೆ ದ್ರಾಕ್ಷಿ ಬೆಳೆಯಲು ಗಾರೆಯಿಲ್ಲದೆ ಕಲ್ಲು ಜೋಡಿಸಿ ಶತಮಾನಗಳ ಕಾಲ ಮೆಟ್ಟಿಲುಗದ್ದೆಗಳನ್ನು ಕಟ್ಟಿದ ರೈತರ ದುಡಿಮೆಯೇ ಆ ನೆಲದ ನಿಜವಾದ ಸೋಜಿಗ. 1997ರಲ್ಲಿ ಆ ಪ್ರದೇಶವೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅವಸರದ ಪ್ರವಾಸದಲ್ಲಿ ಕಣ್ಣು ತುಂಬುವುದು ಹೊರಮೈ ಮಾತ್ರ ಎಂಬುದು ಎಲ್ಲ ದೇಶಗಳಿಗೂ ಸಲ್ಲುವ ಮಾತು.

ಆದಕಾರಣ ನಮ್ಮ ಸಲಹೆ ಇಷ್ಟು: ಒಂದು ರಜೆಗೆ ವೇರೂಳ ಮತ್ತು ಘೃಷ್ಣೇಶ್ವರ ಸಾಕು. ಸೇವುಣರ ರಾಜಧಾನಿಯಾಗಿದ್ದ ದೇವಗಿರಿ, ಅಂದರೆ ಇಂದಿನ ದೌಲತಾಬಾದ್, ಹತ್ತಿ ಇಳಿಯುವುದಕ್ಕೇ ಅರ್ಧ ದಿನವನ್ನು ಬೇಡುವಂಥದು. ಅದಕ್ಕೆ ಇನ್ನೊಂದು ರಜೆಯನ್ನು ಮೀಸಲಿಡಿರಿ. ಅಜಂತೆಯು ಬೇರೆ ದಿಕ್ಕಿನಲ್ಲಿ ಸುಮಾರು ನೂರು ಕಿಲೋಮೀಟರು ದೂರವಿರುವುದರಿಂದ ಅದನ್ನು ಈ ದಿನಕ್ಕೆ ಸೇರಿಸಲೇಬಾರದು.

ಎಲ್ಲಕ್ಕಿಂತ ಮುಖ್ಯವಾದ ಸೂಚನೆಯೆಂದರೆ, ವೇರೂಳದ ಗುಹೆಗಳಿಗೆ ಮಂಗಳವಾರ ರಜೆ, ಅಜಂತೆಗೆ ಸೋಮವಾರ. ಹೋಟೆಲು ಕೆಲಸಗಾರರ ವಾರದ ರಜೆ ಭಾನುವಾರ ಬರುವುದು ವಿರಳ. ಯಾರ ಪಾಳಿ ಮಂಗಳವಾರ ಬಿಡುವಾಗಿದೆಯೋ ಅವರು ಜೊತೆಗಾರರೊಡನೆ ಮೊದಲೇ ಬದಲಿ ಮಾಡಿಕೊಳ್ಳುವುದು ಒಳಿತು. ಸಂಭಾಜಿನಗರದ ಮುಖ್ಯ ಬಸ್ ನಿಲ್ದಾಣದಿಂದ ಎಸ್.ಟಿ. ಬಸ್ಸುಗಳು ವೇರೂಳಕ್ಕೆ ಹೋಗುತ್ತವೆ. ನಾಸಿಕದವರಿಗೆ ಯೇವಲೆ, ವೈಜಾಪುರ ಮಾರ್ಗವಾಗಿ ಸಂಭಾಜಿನಗರವು ಸುಮಾರು 200 ಕಿಲೋಮೀಟರು. ಹಿಂದಿನ ರಾತ್ರಿ ಕೆಲಸ ಮುಗಿಸಿ ಹೊರಟು, ಸಂಭಾಜಿನಗರದ ಪರಿಚಿತರಲ್ಲಿ ತಂಗಿ, ಬೆಳಿಗ್ಗೆ ಒಟ್ಟಾಗಿ ಹೋಗುವುದು ಸುಲಭ. ಪ್ರವೇಶಕ್ಕೆ ಭಾರತೀಯರಿಗೆ 40 ರೂಪಾಯಿ. 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ.

ಬೆಳಗಿನ ತಂಪಿನಲ್ಲಿ 10ನೆಯ ಗುಹೆಯಿಂದ ಆರಂಭಿಸಿರಿ. ಇದರ ಕಲ್ಲಿನ ಚಾವಣಿಯನ್ನು ಮರದ ತೊಲೆಗಳಂತೆ ಕೆತ್ತಿರುವುದರಿಂದ ಜನರು ಇದನ್ನು ಬಡಗಿಯ ಗುಡಿಸಲು ಎಂದು ಕರೆಯುತ್ತಾರೆ. ಅನಂತರ ಮೂರು ಅಂತಸ್ತಿನ 12ನೆಯದನ್ನು ನೋಡಿ, ಒಂದು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಜೈನ ಗುಹೆಗಳತ್ತ ಸಾಗಬೇಕು. ಹೆಚ್ಚಿನ ತಂಡಗಳು ಇವುಗಳನ್ನು ಬಿಟ್ಟು ಹೋಗುತ್ತವೆ, ಕನ್ನಡಿಗರು ಬಿಡಬಾರದು. ಬಳ್ಳಿಗಳು ಮೈಗೆ ಹಬ್ಬಿದ ಗೊಮ್ಮಟನ ಮೂರ್ತಿಗಳು ಅಲ್ಲಿವೆ. ಶ್ರವಣಬೆಳಗೊಳದ ಮಹಾಮೂರ್ತಿಗಿಂತ ಹಳೆಯವು. ಕಂಬಗಳ ಮೇಲೆ ಹಳಗನ್ನಡ ಲಿಪಿಯ ಚಿಕ್ಕ ಬರಹಗಳೂ ಕಂಡುಬಂದಿವೆ. ಬುತ್ತಿಯೂಟದ ನಂತರ ಘೃಷ್ಣೇಶ್ವರನ ದರ್ಶನ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದಾದ ಈ ಕ್ಷೇತ್ರದ ಗರ್ಭಗುಡಿಗೆ ಗಂಡಸರು ಅಂಗಿ ತೆಗೆದು ಹೋಗುವ ಪದ್ಧತಿಯಿದೆ. ಉಡುಪಿ, ಕುಂದಾಪುರದ ಕಡೆಯವರಿಗೆ ಇದು ಪರಿಚಿತವೇ. ಗುಹೆಗಳು ಪಶ್ಚಿಮಾಭಿಮುಖವಾದುದರಿಂದ ಮಧ್ಯಾಹ್ನದ ಮೇಲೆ ಬೆಳಕು ಅವುಗಳ ಮೇಲೆ ಬೀಳುತ್ತದೆ. ಕೈಲಾಸವನ್ನು ಕೊನೆಗೆ ಇಟ್ಟುಕೊಂಡು, ಅದಕ್ಕೆ ಎರಡು ತಾಸುಗಳನ್ನಾದರೂ ಕೊಡಿರಿ. ಪೀಠವನ್ನು ಹೊತ್ತಂತೆ ನಿಂತ ಆನೆಗಳ ಸಾಲು, ಗೋಡೆಯ ಮೇಲಿನ ರಾಮಾಯಣ ಮಹಾಭಾರತಗಳ ಕಥೆ, ಕೈಲಾಸವನ್ನೆತ್ತಲು ಹೆಣಗುವ ರಾವಣ, ಇವುಗಳನ್ನು ಓಡುತ್ತ ನೋಡಬಾರದು.

ಹತ್ತು ಹನ್ನೆರಡು ಜನ ಕೂಡಿದರೆ ಅಧಿಕೃತ ಮಾರ್ಗದರ್ಶಿಯೊಬ್ಬರ ವೆಚ್ಚ ಒಬ್ಬೊಬ್ಬರಿಗೆ ಭಾರವಾಗದು. ಅವರು ಹೇಳುವುದು ಹಿಂದಿಯಲ್ಲಾಗಲಿ ಮರಾಠಿಯಲ್ಲಾಗಲಿ ಇದ್ದರೆ, ತಂಡದಲ್ಲಿರುವ ಗುಮಾಸ್ತರೊಬ್ಬರು ಹೊಸದಾಗಿ ಊರಿನಿಂದ ಬಂದ ಹುಡುಗರಿಗೆ ಕನ್ನಡದಲ್ಲಿ ತಿಳಿಸಲಿ. ಲೇಖನಿ ಹಿಡಿದವರೂ ಸೌಟು ಹಿಡಿದವರೂ ಒಂದೇ ಬುತ್ತಿಯನ್ನು ಹಂಚಿಕೊಳ್ಳುವ ದಿನಗಳು ನಮ್ಮಲ್ಲಿ ಬಹಳವಿಲ್ಲ.

ಕೊನೆಯದಾಗಿ ಹೋಟೆಲು ಮಾಲೀಕರಲ್ಲಿ ಒಂದು ವಿಜ್ಞಾಪನೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ತನ್ನ ವ್ಯಾಪ್ತಿಗೆ ಬರುವ ಕೆಲಸಗಾರರಿಗೆ ವಾರಕ್ಕೆ 24 ಗಂಟೆಗಳ ಅಖಂಡ ವಿರಾಮವನ್ನು ವಿಧಿಸಿದೆ. ಆದರೆ “ಬೆಳಗಿನ ತಿಂಡಿಯ ಹೊತ್ತು ಮಾತ್ರ ಬಂದು ಹೋಗು” ಎಂಬ ಒಂದು ಮಾತಿನಿಂದ ಆ ರಜೆ ತುಂಡಾಗುವುದನ್ನು ಹೋಟೆಲು ನಡೆಸಿದ ನಾವು ಬಲ್ಲೆವು. ತುಂಡು ರಜೆಯಲ್ಲಿ ವೇರೂಳ ನೋಡಲಾಗದು. ತಿಂಗಳಿಗೆ ನಾಲ್ವರಂತೆ ಸರದಿ ಹಾಕಿ, ಹಿಂದಿನ ರಾತ್ರಿ ಬೇಗ ಬಿಟ್ಟು, ಬುತ್ತಿಗೆ ಚಪಾತಿ ಚಟ್ನಿಯನ್ನು ಅಡಿಗೆಮನೆಯಿಂದಲೇ ಕಟ್ಟಿಸಿಕೊಟ್ಟರೆ, ವರ್ಷದೊಳಗೆ ಹೋಟೆಲಿನ ಎಲ್ಲರೂ ಕೈಲಾಸವನ್ನು ಕಂಡಿರುತ್ತಾರೆ. ಬೇಸಿಗೆಯ ಬಿಸಿಲನ್ನು ಬಿಟ್ಟು, ಮಳೆಗಾಲ ಕಳೆದ ಮೇಲಿನ ತಿಂಗಳುಗಳನ್ನು ಆರಿಸಿಕೊಳ್ಳಿರಿ. ಮಂಗಳವಾರವೊಂದನ್ನು ಮಾತ್ರ ಮರೆಯದಿರಿ.