ಮಾತಾಡಲಿಲ್ಲ ಅಂದ ಮಾತ್ರಕ್ಕೆ ಬರೋದಿಲ್ಲ ಅಂತಲ್ಲ

ಒಂದು ಮಗುವಿಗೆ ಎಷ್ಟು ಭಾಷೆ ಬರುತ್ತೆ ಅಂತ ಕಂಡುಹಿಡಿಯೋದು ಹೇಗೆ? ಪ್ರಶ್ನೆ ಕೇಳ್ತೀವಿ. ಉತ್ತರ ಕೊಟ್ಟರೆ ಬರುತ್ತೆ, ಕೊಡದಿದ್ದರೆ ಬರೋದಿಲ್ಲ. ಅಷ್ಟೇ ತಾನೆ? ಅಷ್ಟೇ ಅಲ್ಲ. ಯಾಕೆ ಅಂತ ಗೊತ್ತಾಗಬೇಕಾದರೆ ಇವತ್ತು ನನ್ನ ಜೊತೆ ಆಸ್ಟ್ರೇಲಿಯಾದ ಉತ್ತರ ಭಾಗಕ್ಕೆ ಬನ್ನಿ.

ಮೊದಲು ವಾರುವಿ. ಸಮುದ್ರದ ನಡುವೆ ಚಿಕ್ಕ ದ್ವೀಪದ ಮೇಲಿರುವ ಮೂಲನಿವಾಸಿಗಳ ಊರು. ಜನ ಹೆಚ್ಚೆಂದರೆ 500. ಭಾಷೆಗಳು ಎಷ್ಟು ಗೊತ್ತಾ? ಒಂಬತ್ತು! ಇಲ್ಲಿ ಗಂಡ ಒಂದು ಭಾಷೆಯಲ್ಲಿ ಮಾತಾಡ್ತಾನೆ, ಹೆಂಡತಿ ಇನ್ನೊಂದರಲ್ಲಿ ಉತ್ತರ ಕೊಡ್ತಾಳೆ. ಇಬ್ಬರಿಗೂ ಪರಸ್ಪರ ಮಾತು ಪೂರ್ತಿ ಅರ್ಥವಾಗುತ್ತೆ. ಆದರೂ ಯಾರೂ ತಮ್ಮ ಭಾಷೆ ಬಿಡಲ್ಲ.

ಇದು ಹಟ ಅಲ್ಲ. ಅಲ್ಲಿ ಭಾಷೆ ಅಂದರೆ ನೆಲ ಮತ್ತು ಕುಲಕ್ಕೆ ಅಂಟಿಕೊಂಡ ಹಕ್ಕು. ಸಾಮಾನ್ಯವಾಗಿ ತಂದೆಯ ಕಡೆಯ ಭಾಷೆ ಮಗುವಿನ ಸ್ವಂತ ಭಾಷೆ. ಬೇರೆಯವರ ಭಾಷೆಯನ್ನು ಅರ್ಥಮಾಡಿಕೊಳ್ಳೋಕೆ ಯಾರ ಅಡ್ಡಿಯೂ ಇಲ್ಲ, ಆದರೆ ಅದನ್ನು ತನ್ನದು ಅನ್ನೋ ಹಾಗೆ ಆಡೋದು ಬೇರೆ ವಿಷಯ. ಹಾಗಾಗಿ ಅಲ್ಲಿನ ಮಗು ಆಡುವ ಭಾಷೆಗಳಿಗಿಂತ ಕೇಳಿ ತಿಳಿಯುವ ಭಾಷೆಗಳೇ ಜಾಸ್ತಿ.

ಎರಡನೇ ಊರು ಲಾಜಮಾನು. ಡಾರ್ವಿನ್‌ನಿಂದ ರಸ್ತೆಯಲ್ಲಿ ದಕ್ಷಿಣಕ್ಕೆ ಸುಮಾರು 900 ಕಿಲೋಮೀಟರ್, ಮರುಭೂಮಿಯ ಅಂಚು. ಆರೇಳು ನೂರು ಜನ. ಇಲ್ಲಿನ ಜನರ ಮೂಲ ಭಾಷೆ ವಾರ್ಲ್‌ಪಿರಿ. ಜೊತೆಗೆ ಇಂಗ್ಲಿಷ್ ಇದೆ, ಇಂಗ್ಲಿಷ್‌ನಿಂದಲೇ ಹುಟ್ಟಿ ಉತ್ತರ ಆಸ್ಟ್ರೇಲಿಯಾದಲ್ಲಿ ಹರಡಿದ ಕ್ರಿಯೋಲ್ ಇದೆ. ಇಲ್ಲಿನ ಮಕ್ಕಳು ಏನು ಮಾಡಿದರು ಅನ್ನೋದನ್ನು ಭಾಷಾವಿಜ್ಞಾನಿ ಕಾರ್ಮೆಲ್ ಓ'ಶಾನೆಸ್ಸಿ ವರ್ಷಗಟ್ಟಲೆ ಅಧ್ಯಯನ ಮಾಡಿ ಜಗತ್ತಿಗೆ ತಿಳಿಸಿದರು.

ಆಗಿದ್ದು ಇಷ್ಟು. 1970-80ರ ದಶಕದಲ್ಲಿ ಊರಿನ ದೊಡ್ಡವರು ಎಳೆಮಕ್ಕಳ ಜೊತೆ ಮಾತಾಡುವಾಗ ವಾರ್ಲ್‌ಪಿರಿಯ ನಡುವೆ ಇಂಗ್ಲಿಷ್, ಕ್ರಿಯೋಲ್ ಸೇರಿಸುತ್ತಿದ್ದರು. ನಾವು 'ಪುಟ್ಟಾ, ಮಿಲ್ಕ್ ಫಿನಿಶ್ ಮಾಡು' ಅಂತೀವಲ್ಲ, ಹಾಗೇ. ದೊಡ್ಡವರಿಗೆ ಅದು ಬೆರಕೆ ಅಂತ ಗೊತ್ತಿತ್ತು. ಮಕ್ಕಳಿಗೆ ಗೊತ್ತಿರಲಿಲ್ಲ. ಕಿವಿಗೆ ಬಿದ್ದದ್ದೇ ಒಂದು ಭಾಷೆ ಅಂದುಕೊಂಡವು, ಅದಕ್ಕೆ ವ್ಯಾಕರಣ ಕಟ್ಟಿದವು. ನಾಮಪದ ವಾರ್ಲ್‌ಪಿರಿ, ಇಂಗ್ಲಿಷ್ ಎರಡರಿಂದಲೂ ಬಂದವು, ವಿಭಕ್ತಿ ಹೆಚ್ಚಾಗಿ ವಾರ್ಲ್‌ಪಿರಿಯಿಂದ. ಕ್ರಿಯಾಪದ ಹೆಚ್ಚಾಗಿ ಇಂಗ್ಲಿಷ್ ಮತ್ತು ಕ್ರಿಯೋಲ್‌ನಿಂದ. ಹೀಗೆ ಹುಟ್ಟಿದ್ದು 'ಲೈಟ್ ವಾರ್ಲ್‌ಪಿರಿ'.

ಹಾಗಾದರೆ ಇದು ಬರೀ ಕಲಬೆರಕೆ ತಾನೆ ಅಂತ ನೀವು ಕೇಳಬಹುದು. ಅಲ್ಲ. ಇಂಗ್ಲಿಷ್‌ನ 'ಐಮ್' ಅನ್ನೋದರಲ್ಲಿ ಕೊನೆಗೊಂದು 'ಮ್' ಇದೆಯಲ್ಲ, ಮಕ್ಕಳು ಅದನ್ನು 'ಯು'ಗೂ ಸೇರಿಸಿ 'ಯುಮ್' ಮಾಡಿದರು, 'ವಿ'ಗೂ ಸೇರಿಸಿ 'ವಿಮ್' ಮಾಡಿದರು. ಆ 'ಮ್' ಬಂದರೆ ಕೆಲಸ ಈಗ ನಡೆಯುತ್ತಿದೆ ಅಥವಾ ನಡೆದುಹೋಗಿದೆ, ಮುಂದೆ ನಡೆಯೋದಲ್ಲ ಅಂತ ಅರ್ಥ. ಈ ವಿಂಗಡಣೆ ಇಂಗ್ಲಿಷ್‌ನಲ್ಲೂ ಇಲ್ಲ, ವಾರ್ಲ್‌ಪಿರಿಯಲ್ಲೂ ಇಲ್ಲ. ನಮ್ಮ ಕನ್ನಡ ಇದಕ್ಕೆ ಸರಿಯಾಗಿ ಉಲ್ಟಾ. 'ದಿನಾ ಬರ್ತೀನಿ', 'ನಾಳೆ ಬರ್ತೀನಿ' ಎರಡಕ್ಕೂ ಒಂದೇ ರೂಪ, 'ಬಂದೆ' ಮಾತ್ರ ಬೇರೆ. ನಾವು ಇವತ್ತನ್ನು ನಾಳೆಯ ಜೊತೆ ಸೇರಿಸಿದೆವು, ಲಾಜಮಾನುವಿನ ಮಕ್ಕಳು ಇವತ್ತನ್ನು ನಿನ್ನೆಯ ಜೊತೆ ಸೇರಿಸಿದರು. ಇದು ತಪ್ಪು ಇಂಗ್ಲಿಷ್ ಅಲ್ಲ ಸ್ವಾಮಿ, ಹೊಸ ವ್ಯಾಕರಣ.

ಈಗ ಶಾಲೆಗೆ ಬರೋಣ. ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ 1973ರಿಂದ ಕೆಲವು ಶಾಲೆಗಳಲ್ಲಿ ಮೂಲನಿವಾಸಿ ಭಾಷೆ ಮತ್ತು ಇಂಗ್ಲಿಷ್ ಎರಡರಲ್ಲೂ ಪಾಠ ನಡೆಯುತ್ತಿತ್ತು. 2008ರಲ್ಲಿ ಇಡೀ ದೇಶಕ್ಕೆ ಒಂದೇ ಪರೀಕ್ಷೆ ಬಂತು, ಹೆಸರು ನಾಪ್ಲಾನ್. 3, 5, 7, 9ನೇ ತರಗತಿಯ ಮಕ್ಕಳಿಗೆ, ಇಂಗ್ಲಿಷ್‌ನಲ್ಲಿ. ದೂರದ ಊರುಗಳ ಮಕ್ಕಳು ಬಹಳ ಹಿಂದೆ ಬಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಟೆರಿಟರಿ ಸರ್ಕಾರ ಹೇಳಿತು: ದಿನದ ಮೊದಲ 4 ಗಂಟೆ ಪಾಠ ಇಂಗ್ಲಿಷ್‌ನಲ್ಲೇ ಆಗಬೇಕು. ಮನೆಭಾಷೆಗೆ ಉಳಿದಿದ್ದು ಮಧ್ಯಾಹ್ನದ ಬಿಸಿಲು ಹೊತ್ತು. ಆ ನಿಯಮ ಮುಂದೆ ಸಡಿಲವಾಯಿತು ನಿಜ. ಆದರೆ ಅದರ ಹಿಂದಿನ ತರ್ಕ ಇನ್ನೂ ಜೀವಂತವಾಗಿದೆ.

ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಿಲ್ಲ. ಆಸ್ಪತ್ರೆ, ಕೋರ್ಟು, ಕೆಲಸ ಎಲ್ಲಕ್ಕೂ ಅಲ್ಲಿ ಇಂಗ್ಲಿಷ್ ಬೇಕೇ ಬೇಕು. ಪ್ರಶ್ನೆ ಇರೋದು ಅಳತೆಯ ಬಗ್ಗೆ. ವಾರ್ಲ್‌ಪಿರಿಯಲ್ಲಿ ಪ-ಬ, ಕ-ಗ ಅಂತ ಬೇರೆಬೇರೆ ಇಲ್ಲ. 'ಸ', 'ಫ' ಇಲ್ಲವೇ ಇಲ್ಲ. ಆ ಕಿವಿಯಲ್ಲಿ ಬೆಳೆದ ಮಗುವಿಗೆ 'ಪಿಗ್' ಮತ್ತು 'ಬಿಗ್' ಸ್ಪೆಲ್ಲಿಂಗ್ ಕಷ್ಟ. ಆದರೆ ನಮ್ಮ ಣ, ಳ ಥರದ ನಾಲಿಗೆ ಮಡಚುವ ಧ್ವನಿಗಳು ಆ ಭಾಷೆಯಲ್ಲಿವೆ. ಇಂಗ್ಲಿಷ್ ಬಿಟ್ಟು ಬೇರೇನೂ ಕೇಳದ ಸಿಡ್ನಿಯ ಮಗುವಿಗೆ 'ಕಲೆ', 'ಕಳೆ' ಹೇಳಿ, ವ್ಯತ್ಯಾಸ ಗುರುತಿಸು ಅನ್ನಿ. ಆ ಮಗುವೂ ಫೇಲ್! ಅದಕ್ಕೆ ಬುದ್ಧಿ ಇಲ್ಲ ಅಂತೀವಾ?

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಲ್ಯಾಬ್‌ನಲ್ಲಿ ಕಲಿತ ಮೊದಲ ಪಾಠ, ಮೀಟರಿನ ತುದಿಯನ್ನು ತಪ್ಪು ಜಾಗಕ್ಕೆ ಹಿಡಿದರೆ ಸೊನ್ನೆ ತೋರಿಸುತ್ತೆ. ಅದರರ್ಥ ಕರೆಂಟ್ ಇಲ್ಲ ಅಂತಲ್ಲ.

1788ರಲ್ಲಿ ಬ್ರಿಟಿಷರು ನೆಲೆ ಹೂಡಿದಾಗ ಆಸ್ಟ್ರೇಲಿಯಾದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಇವತ್ತು ಮಕ್ಕಳು ಹುಟ್ಟಿನಿಂದ ಕಲಿಯುತ್ತಾ ಗಟ್ಟಿಯಾಗಿ ಉಳಿದಿರೋದು 12ರ ಆಸುಪಾಸು. ಲಾಜಮಾನುವಿನ ಮಕ್ಕಳು ತಮ್ಮ ಹೊಸ ಭಾಷೆಯ ಜೊತೆ ವಾರ್ಲ್‌ಪಿರಿಯನ್ನೂ ಕಲಿಯುತ್ತಾರೆ, ಹಿರಿಯರ ಜೊತೆ ಅದನ್ನೇ ಬಳಸುತ್ತಾರೆ. ಶಾಲೆ ಅದಕ್ಕೆ ಜಾಗ ಕೊಡದಿದ್ದರೆ ಆ ಭಾರವೆಲ್ಲ ಮನೆಯ ಮೇಲೆ.

ಒಂದು ಸ್ವಂತ ವಿಷಯ ಹೇಳಿ ಮುಗಿಸ್ತೀನಿ. ನನ್ನಜ್ಜಿ ನನ್ನ ಜೊತೆ ತುಳುವಿನಲ್ಲೇ ಮಾತಾಡ್ತಿದ್ದರು, ನಾನು ಕನ್ನಡದಲ್ಲಿ ಉತ್ತರ ಕೊಡ್ತಿದ್ದೆ. ಮೊದಲ ಕೆಲಸದ ಅರ್ಜಿಯಲ್ಲಿ 'ತಿಳಿದಿರುವ ಭಾಷೆಗಳು' ಅನ್ನೋ ಕಡೆ ತುಳು ಬರೆಯಲಿಲ್ಲ. ಮಾತಾಡಲ್ಲವಲ್ಲ, ಹಾಗಾಗಿ ಬರೋದಿಲ್ಲ ಅಂದುಕೊಂಡೆ. ಅದು ನನ್ನ ಮೊದಲ ತಪ್ಪು. ಎರಡನೆಯದು ಇನ್ನೂ ದೊಡ್ಡದು. ವಾರುವಿಯಲ್ಲಿ ಕೇಳಿ ತಿಳಿಯುವ ಮಗು ತನ್ನ ಪಾಲಿನ ಒಂದು ಭಾಷೆಯನ್ನಾದರೂ ಬಾಯಿಬಿಟ್ಟು ಆಡುತ್ತೆ, ಹಾಗಾಗಿ ಪ್ರತಿ ಭಾಷೆಗೂ ಆಡುವವರು ಇರ್ತಾರೆ. ನಮ್ಮನೆಯಲ್ಲಿ ಅಜ್ಜಿ ಹೋದರು. ನನಗೆ ಅರ್ಥವಾಗುತ್ತೆ, ಆದರೆ ಆಡೋರು ಯಾರು?

ನಿಮ್ಮ ಮನೆಯಲ್ಲಿ ಉತ್ತರ ಕೊಡದೆ ಸುಮ್ಮನೆ ಕೇಳಿಸಿಕೊಳ್ಳುವ ಮಗು ಇದ್ದರೆ, ಅದಕ್ಕೆ ಬರೋದಿಲ್ಲ ಅಂತ ತೀರ್ಮಾನ ಮಾಡಬೇಡಿ. ನೀವು ಮಾತಾಡ್ತಾ ಇರಿ.