ಕಡತಕ್ಕೆ ಕಾಯದ ಲವಣ

ಅರ್ಥಶಾಸ್ತ್ರ ಓದಿ, ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ರಸಾಯನಶಾಸ್ತ್ರದ ಒಂದು ಪಾಠ ತಡವಾಗಿ ಅರ್ಥವಾಯಿತು: ಸ್ಥಿರವಾಗಿರುವುದೆಲ್ಲ ನಿರಪಾಯಕಾರಿಯಲ್ಲ.

ಅಮೋನಿಯಂ ನೈಟ್ರೇಟ್ ಗೊಬ್ಬರವೂ ಹೌದು, ಗಣಿ ಸ್ಫೋಟಕದ ಮೂಲವಸ್ತುವೂ ಹೌದು. ಇಂಧನವಾಗಬಲ್ಲ ಅಮೋನಿಯಂ, ದಹನಕ್ಕೆ ಆಮ್ಲಜನಕ ಒದಗಿಸುವ ನೈಟ್ರೇಟ್ ಎರಡೂ ಅದರ ಒಂದೇ ಹರಳಿನಲ್ಲಿವೆ. ಸಾಧಾರಣ ಉಷ್ಣತೆಯಲ್ಲಿ ಅದು ವರ್ಷಗಟ್ಟಲೆ ಶಾಂತ. ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹರಳಿನ ರಚನೆ ಬದಲಾಗುತ್ತದೆ. ತೇವವೂ ಸೇರಿದರೆ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಮುಚ್ಚಿದ ಜಾಗದಲ್ಲಿ, ಕಲ್ಮಶ ಬೆರೆತಿರುವಾಗ ಬೆಂಕಿ ತಗುಲಿದರೆ ಅನಾಹುತ ಕಟ್ಟಿಟ್ಟದ್ದು.

ಲೆಬನಾನಿನ ಬೈರೂತ್ ಬಂದರಿನ ಉಗ್ರಾಣದಲ್ಲಿ 2014ರಲ್ಲಿ ಇಂಥ 2,750 ಟನ್ ಸರಕನ್ನು ಇಳಿಸಿಡಲಾಯಿತು. ಪತ್ರಗಳು ಓಡಾಡಿದವು, ಸರಕು ಕದಲಲಿಲ್ಲ. 2020ರ ಆಗಸ್ಟ್ 4ರಂದು ದಾಸ್ತಾನು ಸಿಡಿದು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ನಮ್ಮಲ್ಲಿ 2012ರಿಂದಲೇ ನಿಯಮಗಳಿದ್ದವು. ಆದರೂ ಚೆನ್ನೈ ಬಳಿ 2015ರಿಂದ ಜಪ್ತಿಯಲ್ಲಿದ್ದ ಸುಮಾರು 700 ಟನ್ ಹೈದರಾಬಾದಿಗೆ ಸಾಗಿದ್ದು ಬೈರೂತಿನ ದುರಂತದ ನಂತರವೇ.

‘ಪರಿಶೀಲನೆಯಲ್ಲಿದೆ’ ಎಂದು ನಾನೂ ಎಷ್ಟೋ ಕಡತಗಳ ಮೇಲೆ ಬರೆದಿದ್ದೇನೆ. ಇಂದು ಆ ಪದ ನನ್ನನ್ನು ಕಾಡುತ್ತದೆ. ಅಪಾಯಕಾರಿ ರಾಸಾಯನಿಕವನ್ನು ಜಪ್ತಿ ಮಾಡಿದ ದಿನವೇ ವಿಲೇವಾರಿಯ ಗಡುವು ಮತ್ತು ಹೊಣೆಗಾರ ಅಧಿಕಾರಿ ನಿಗದಿಯಾಗಬೇಕು. ಹರಳಿಗೆ ನಮ್ಮ ಟಿಪ್ಪಣಿ ಓದಲು ಬಾರದು.